ಕಚ್ಚಿದ್ದು ಕಾಲಿಗೆ, ಊದಿದ್ದು ತುಟಿ

ಐಸ್‌ಲ್ಯಾಂಡಿನ ಕುದುರೆ ಒಮ್ಮೆ ಹೊರದೇಶಕ್ಕೆ ಹೋಯಿತೆಂದರೆ ಮತ್ತೆ ಹುಟ್ಟಿದ ನೆಲ ಮೆಟ್ಟುವಂತಿಲ್ಲ. ಅಲ್ಲಿನ ಕಾನೂನೇ ಹಾಗೆ. ಸಾವಿರ ವರ್ಷಗಳಿಂದ ಬೇರೆ ತಳಿಯೊಡನೆ ಬೆರೆಯದೆ ಉಳಿದುಬಂದ ಆ ಗಿಡ್ಡ, ಗಟ್ಟಿಮುಟ್ಟು ಕುದುರೆಗಳಿಗೆ ಹೊರಗಿನ ಕಾಯಿಲೆ ತಗುಲಬಾರದೆಂಬ ಎಚ್ಚರ ಅದರ ಹಿಂದಿದೆ. ಜರ್ಮನಿಗೋ ಸ್ವೀಡನ್ನಿಗೋ ಮಾರಾಟವಾಗಿ ಹೋದ ಕುದುರೆ ಮೊದಲ ಬೇಸಿಗೆಯನ್ನು ಸಾಮಾನ್ಯವಾಗಿ ಆರಾಮವಾಗಿಯೇ ಕಳೆಯುತ್ತದೆ. ಎರಡನೆಯದೋ ಮೂರನೆಯದೋ ಬೇಸಿಗೆಗೆ ತುರಿಕೆ ಶುರು. ಬೇಲಿಗೂಟಕ್ಕೆ, ಮರದ ಬೊಡ್ಡೆಗೆ ಕತ್ತು ಉಜ್ಜಿ, ಬಾಲದ ಬುಡ ಉಜ್ಜಿ, ಜೂಲೆಲ್ಲ ಉದುರಿ, ತೊಗಲು ಕಿತ್ತು ಹಸಿಗಾಯವಾಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಒಂದು ನುಸಿ. ಅದರ ಉದ್ದ ಮೂರು ಮಿಲಿಮೀಟರ್ ಕೂಡ ಇಲ್ಲ. ಐಸ್‌ಲ್ಯಾಂಡಿನಲ್ಲಿ ಈ ಬಗೆಯ ನುಸಿ ಇಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಅಲ್ಲಿ ಒಂದು ಪ್ರಭೇದ ಸಿಕ್ಕಿದ್ದು 2015ರಲ್ಲಿ. ನುಸಿ ದಟ್ಟವಾಗಿರುವ ನಾಡುಗಳಿಗೆ ಹೋದ ಕುದುರೆಗಳನ್ನು ಎಣಿಸಿ ನೋಡಿದಾಗ, ಎರಡು ವರ್ಷ ಕಳೆದವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಈ ತುರಿಕೆ ಹತ್ತಿತ್ತು. ಅದೇ ತಳಿಯ, ಆದರೆ ಅಲ್ಲಿಯೇ ಹುಟ್ಟಿ ಮರಿಯಾಗಿದ್ದಾಗಿನಿಂದ ನುಸಿ ಕಚ್ಚಿಸಿಕೊಂಡು ಬೆಳೆದ ಕುದುರೆಗಳಲ್ಲಿ ಈ ಕಾಟ ತೀರ ಕಡಿಮೆ.

ದೂರದ ಕುದುರೆಯ ಕತೆಯಂತೆ ಕಂಡರೂ ಮಲೆನಾಡಿನ ಮನೆಗಳಿಗೆ ಇದು ಪರಿಚಿತ ನೋಟ. ರಜೆಗೆಂದು ಬೆಂಗಳೂರಿನಿಂದ ಅಜ್ಜನ ಮನೆಗೆ ಬಂದ ಮಕ್ಕಳು ಮಾರನೆಯ ಬೆಳಿಗ್ಗೆ ಕಾಲು ತುಂಬ ಬೊಕ್ಕೆ ಎಬ್ಬಿಸಿಕೊಂಡು ಕೂತಿರುತ್ತವೆ. ಅದೇ ಹಳ್ಳದಲ್ಲಿ ಅವರೊಡನೆ ಆಡಿದ ಊರ ಮಕ್ಕಳ ಕಾಲಲ್ಲಿ ಒಂದು ಗುರುತೂ ಇರುವುದಿಲ್ಲ. ಪೇಟೆಯವರ ಚರ್ಮ ನಾಜೂಕು ಎಂದು ಅಜ್ಜಿ ಹೇಳುತ್ತಾಳೆ. ಅವಳು ಕಂಡದ್ದು ಸರಿ. ಆದರೆ ವ್ಯತ್ಯಾಸ ಇರುವುದು ಚರ್ಮದ ನಾಜೂಕಿಗಿಂತ ಹೆಚ್ಚಾಗಿ ದೇಹದ ನೆನಪಿನಲ್ಲಿ.

ಈ ನೆನಪು ಹಂತಹಂತವಾಗಿ ಬದಲಾಗುತ್ತದೆಂದು 1946ರಲ್ಲಿ ಬರೆದವರು ಇಂಗ್ಲೆಂಡಿನ ಕೀಟತಜ್ಞ ಕೆನೆತ್ ಮೆಲನ್‌ಬಿ. ಸೊಳ್ಳೆ ಜೀವನದಲ್ಲಿ ಮೊಟ್ಟಮೊದಲ ಬಾರಿ ಕಚ್ಚಿದಾಗ ಏನೂ ಆಗುವುದಿಲ್ಲ. ಮುಂದೆ ಕಚ್ಚಿದಾಗ ಒಂದು ದಿನ ಬಿಟ್ಟು ಗಂಟು ಏಳುತ್ತದೆ. ಆಮೇಲೆ ಕಚ್ಚಿದ ಕೂಡಲೇ ಒಂದು ದದ್ದು, ಮಾರನೆಯ ದಿನ ಇನ್ನೊಂದು. ಇನ್ನೂ ಕಚ್ಚಿಸಿಕೊಳ್ಳುತ್ತ ಹೋದರೆ ತಡವಾಗಿ ಏಳುವ ಗಂಟು ನಿಂತು ಕೂಡಲೇ ಏಳುವುದಷ್ಟೇ ಉಳಿಯುತ್ತದೆ. ಕೊನೆಗೆ ಅದೂ ಇಲ್ಲವಾಗುತ್ತದೆ. ಊರ ಮಕ್ಕಳು ಈ ದಾರಿಯ ಕೊನೆ ಮುಟ್ಟಿದ್ದಾರೆ. ಪೇಟೆಯಿಂದ ಬಂದವರು ಇನ್ನೂ ನಡುದಾರಿಯಲ್ಲಿದ್ದಾರೆ. ಕೆಲಸಕ್ಕೆಂದು ಕೆನಡಾಕ್ಕೆ ಹೋದ ಕನ್ನಡಿಗರು ಮೊದಲ ವಸಂತದಲ್ಲಿ ಅಲ್ಲಿನ ಕರಿನೊಣ ಕಚ್ಚಿಸಿಕೊಂಡು ಕಿವಿಯ ಹಿಂದೆ ನಿಂಬೆಯಷ್ಟು ಊದಿಸಿಕೊಂಡರೆ ಅದಕ್ಕೂ ಇದೇ ವಿವರಣೆ ಒಪ್ಪುತ್ತದೆ. ಅವರ ದೇಹ ಆ ನೊಣದ ಜೊಲ್ಲಿಗೆ ಇನ್ನೂ ಒಗ್ಗಿಲ್ಲ.

ಎಲ್ಲ ಗಲಾಟೆಯೂ ಆ ಜೊಲ್ಲಿನದೇ. ರಕ್ತ ಹೀರುವ ಹುಳಕ್ಕೆ ರಕ್ತ ಹೆಪ್ಪುಗಟ್ಟದೆ ಹರಿಯುತ್ತಿರಬೇಕು, ನಾಳ ಹಿಗ್ಗಿರಬೇಕು. ಅದಕ್ಕೆಂದು ಹಲವು ಪ್ರೋಟೀನುಗಳನ್ನು ಗಾಯದೊಳಗೆ ಬಿಡುತ್ತದೆ. ಕೆಲವರ ದೇಹ ಈ ಪ್ರೋಟೀನನ್ನು ಶತ್ರುವೆಂದು ಗುರುತಿಟ್ಟುಕೊಂಡು ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಚರ್ಮದಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಕಾವಲು ಕೂತ ಮಾಸ್ಟ್ ಕೋಶಗಳ ಮೈಮೇಲೆ ಈ ಐಜಿಇ ಅಂಟಿಕೊಂಡು ಕಾಯುತ್ತದೆ. ಮುಂದಿನ ಸಲ ಅದೇ ಜೊಲ್ಲು ಒಳಬಂದರೆ ಕೋಶಗಳು ತಮ್ಮೊಳಗಿನ ಹಿಸ್ಟಮಿನ್ ಸುರಿಸುತ್ತವೆ. ಕಚ್ಚಿದ ಜಾಗದ ಕೋಶಗಳಷ್ಟೇ ಸುರಿಸಿದರೆ ಅಲ್ಲೊಂದು ದದ್ದು, ತುರಿಕೆ. ಮೈಯೆಲ್ಲ ಒಟ್ಟಿಗೆ ಸುರಿಸಿದರೆ ಜೀವಕ್ಕೇ ಬರುತ್ತದೆ.

ನೊಣ ಎಂದರೆ ತಿಂಡಿಯ ಮೇಲೆ ಕೂರುವ ಮನೆನೊಣ ಎಂದೇ ಹೆಚ್ಚಿನವರ ಎಣಿಕೆ. ಅದು ಕಚ್ಚುವುದಿಲ್ಲ, ಅದಕ್ಕೆ ಕಚ್ಚುವ ಬಾಯೇ ಇಲ್ಲ. ನೋಡಲು ಥೇಟ್ ಅದರಂತೆಯೇ ಇದ್ದು ಕಣಕಾಲಿಗೆ ಸೂಜಿ ಚುಚ್ಚಿದಂತೆ ಕಚ್ಚುವುದು ಕೊಟ್ಟಿಗೆ ನೊಣ. ಸಗಣಿ, ಗಂಜಲ, ಕೊಳೆತ ಹುಲ್ಲು ಕಲಸಿದ ಜಾಗದಲ್ಲಿ ಮರಿ ಮಾಡುವ ಇದರಲ್ಲಿ ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಉಳಿದ ಕಚ್ಚುವ ನೊಣಗಳಲ್ಲಿ ಹೆಚ್ಚಿನವುಗಳ ಗಂಡು ಹೂವಿನ ಮಕರಂದದಲ್ಲೇ ಬದುಕುತ್ತದೆ. ರಕ್ತ ಬೇಕಾದದ್ದು ಮೊಟ್ಟೆಯಿಡುವ ಹೆಣ್ಣಿಗೆ.

ಅಲರ್ಜಿಯ ಲೆಕ್ಕದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಕುದುರೆ ನೊಣದ ಬಗ್ಗೆ. ಜೇನುಹುಳಕ್ಕಿಂತ ದಪ್ಪ, ಮುಖ ತುಂಬ ಹೊಳೆಯುವ ಹಸಿರು ಕಣ್ಣು. ಮಳೆಗಾಲದ ಹೊಂಬಿಸಿಲಲ್ಲಿ ಕೆರೆಯಂಚಿಗೆ ಮೇಯುವ ಎಮ್ಮೆಯ ಬೆನ್ನ ಮೇಲೆ ಇದನ್ನು ದನ ಕಾಯುವವರೆಲ್ಲ ಕಂಡಿದ್ದಾರೆ. ಸೊಳ್ಳೆಯಂತೆ ನಯವಾಗಿ ಸೂಜಿ ಇಳಿಸುವ ಕಸುಬು ಇದರದಲ್ಲ. ಕತ್ತಿಯಂಥ ದವಡೆಯಿಂದ ಚರ್ಮ ಕೊಯ್ದು, ಒಸರಿ ನಿಂತ ರಕ್ತವನ್ನು ನೆಕ್ಕುತ್ತದೆ. ಹಾಗಾಗಿ ಕಚ್ಚಿದ ಕ್ಷಣವೇ ಉರಿ, ಕೆಲವೊಮ್ಮೆ ಕಾಲಿಂದ ರಕ್ತವೇ ಇಳಿಯುತ್ತದೆ.

ಕರಿನೊಣ ಇದಕ್ಕೆ ತದ್ವಿರುದ್ಧ. ಪುಟ್ಟದು, ಬೆನ್ನು ಗೂನು. ಅದರ ಜೊಲ್ಲಿನಲ್ಲಿ ಮರಗಟ್ಟಿಸುವ ಗುಣವೂ ಇರುವುದರಿಂದ ಕಚ್ಚಿದ್ದು ಆಗ ಗೊತ್ತೇ ಆಗುವುದಿಲ್ಲ. ಗಂಟೆ ಕಳೆದ ಮೇಲೆ ಊತ, ಮಾರನೆಯ ದಿನ ತಡೆಯಲಾರದ ತುರಿಕೆ. ಹರಿಯುವ ನೀರಿನ ಕಲ್ಲುಗಳಿಗೆ ಇದರ ಮರಿಹುಳುಗಳು ಅಂಟಿಕೊಂಡಿರುತ್ತವೆ. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದಲ್ಲಿ ಸ್ಟೌರ್ ಹೊಳೆಯ ದಡದ ಬ್ಲ್ಯಾಂಡ್‌ಫರ್ಡ್ ಎಂಬ ಪುಟ್ಟ ಪೇಟೆಯಲ್ಲಿ 1972ರ ವಸಂತದಲ್ಲಿ ಸುಮಾರು 600 ಜನ ಈ ನೊಣದ ಕಡಿತಕ್ಕಾಗಿ ವೈದ್ಯರ ಬಳಿ ಹೋಗಿದ್ದರು. ಊದಿದ ಕಾಲು, ಜ್ವರ, ಕೀಲುನೋವು. ಆ ನೊಣಕ್ಕೆ ಊರಿನ ಹೆಸರೇ ನಿಂತುಬಿಟ್ಟಿತು. ಮುಂದೆ ಹೊಳೆಗೆ ಮರಿಹುಳುಗಳನ್ನಷ್ಟೇ ಕೊಲ್ಲುವ ಒಂದು ಬ್ಯಾಕ್ಟೀರಿಯಾ ಬಿಟ್ಟು ಅದನ್ನು ಹತೋಟಿಗೆ ತಂದರು. ನಮ್ಮಲ್ಲಿ ಅರುಣಾಚಲದ ಕಣಿವೆಗಳಲ್ಲಿ ಇದೇ ಕುಲದ ನೊಣಕ್ಕೆ ಡಿಮ್‌ಡಾಮ್ ಎನ್ನುತ್ತಾರೆ. ಅಲ್ಲಿ ಕಾವಲಿರುವ ಸೈನಿಕರಿಗೆ ಅದು ಬಹಳ ಕಾಲದ ಪೀಡೆ.

ಇನ್ನು ನುಸಿ. ಕುದುರೆಗೆ ತುರಿಕೆ ಹಚ್ಚಿದ ಈ ಕುಲವೇ ನಮ್ಮ ಕುರಿಗಾರರನ್ನು ಕಂಗೆಡಿಸುವ ನೀಲಿ ನಾಲಿಗೆ ರೋಗವನ್ನೂ ಹರಡುವುದು. ಮನುಷ್ಯರಿಗೆ ಒಂದು ನುಸಿಯಿಂದ ಆಗುವುದು ಅಷ್ಟಕ್ಕಷ್ಟೇ. ಆದರೆ ಅದು ಒಂಟಿಯಾಗಿ ಬರುವುದಿಲ್ಲ.

ಕಚ್ಚಿದ್ದು ಯಾವುದೇ ಇರಲಿ, ಆಮೇಲೆ ಕಾಣುವ ಲಕ್ಷಣ ಹಗುರವೋ ಗಂಭೀರವೋ ಎಂದು ಅಳೆಯಲು ಮನೆಯವರು ಎರಡೇ ಎರಡು ಸಂಗತಿ ನೋಡಬೇಕು: ಜಾಗ ಮತ್ತು ಹೊತ್ತು. ಕಚ್ಚಿದ ಜಾಗದಲ್ಲೇ ಊದಿದೆಯೇ, ಅಥವಾ ಕಚ್ಚಿದ್ದೊಂದು ಕಡೆ, ಆಗುತ್ತಿರುವುದು ಇನ್ನೊಂದು ಕಡೆಯೇ? ಕಚ್ಚಿ ಎಷ್ಟು ಹೊತ್ತಾಯಿತು?

ಕಾಲಿಗೆ ಕಚ್ಚಿ ಕಾಲೇ ಊದಿದರೆ, ಊತ ಎಷ್ಟೇ ದೊಡ್ಡದಿರಲಿ, ಸಾಮಾನ್ಯವಾಗಿ ಅದು ಜೀವಕ್ಕೆ ಅಪಾಯ ತರುವುದಿಲ್ಲ. ಅಂಗೈ ಅಗಲ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಒಂದೆರಡು ದಿನ ಏರಿ ವಾರದೊಳಗೆ ಇಳಿಯಬಹುದು. ಕೆನಡಾದ ವಿನಿಪೆಗ್‌ನಲ್ಲಿ ಅಲರ್ಜಿ ತಜ್ಞೆ ಎಸ್ಟೆಲ್ ಸೈಮನ್ಸ್ ಮತ್ತು ಸಂಗಡಿಗರು 1999ರಲ್ಲಿ ಐವರು ಮಕ್ಕಳ ಬಗ್ಗೆ ವರದಿ ಮಾಡಿದರು. ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ಮುಖ, ಕೈ ಕಾಲು ದಪ್ಪಗೆ ಊದಿ, ಜ್ವರವೂ ಬಂದ ಆ ಮಕ್ಕಳದು ಸೋಂಕಿನಂತೆಯೇ ಕಾಣುತ್ತಿತ್ತು. ರಕ್ತ ಪರೀಕ್ಷಿಸಿದರೆ ಸೊಳ್ಳೆಯ ಜೊಲ್ಲಿನ ವಿರುದ್ಧದ ಪ್ರತಿಕಾಯಗಳು. ಇದಕ್ಕೆ ಸ್ಕೀಟರ್ ಸಿಂಡ್ರೋಮ್ ಎಂಬ ಹೆಸರು ಬಂತು.

ಹೊತ್ತು ನೋಡಬೇಕಾದದ್ದು ಇಲ್ಲಿಯೇ. ಕಚ್ಚಿದ ಕೆಲವು ಗಂಟೆಗಳಲ್ಲಿ ಏರಿ, ನೋವಿಗಿಂತ ತುರಿಕೆಯೇ ಹೆಚ್ಚಾಗಿರುವ ಊತ ಬಹುಪಾಲು ಅಲರ್ಜಿಯದು. ಎರಡು ಮೂರು ದಿನ ಸುಮ್ಮನಿದ್ದು ಆಮೇಲೆ ಕೆಂಪು ಹರಡತೊಡಗಿ, ತುರಿಕೆ ಹೋಗಿ ನೋವು ಬಂದು, ಕೀವು ಕಟ್ಟಿದರೆ ಅದು ತುರಿಸಿದ ಉಗುರಿನಿಂದ ಒಳಹೊಕ್ಕ ಸೋಂಕು. ಆಂಟಿಬಯಾಟಿಕ್ ಬೇಕಾಗುವುದು ಎರಡನೆಯದಕ್ಕೆ. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ವೈದ್ಯರಿಗೆ ಕೊಟ್ಟ ಮಾರ್ಗಸೂಚಿ ಇದನ್ನೇ ಒತ್ತಿ ಹೇಳುತ್ತದೆ: ಸೋಂಕಿನ ಚಿಹ್ನೆ ಇಲ್ಲದ ಹುಳದ ಕಡಿತಕ್ಕೆ ಆಂಟಿಬಯಾಟಿಕ್ ಬೇಡ. ಮೆಡಿಕಲ್ ಶಾಪಿಗೆ ಹೋಗಿ ಊದಿದ ಕಾಲು ತೋರಿಸಿ ಮೂರು ದಿನದ ಮಾತ್ರೆ ಕಟ್ಟಿಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿ ಬಿಡಬೇಕಾದದ್ದು. ಪೆನ್ನಿನಿಂದ ಊತದ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಿಟ್ಟರೆ ಕೆಂಪು ಹರಡುತ್ತಿದೆಯೋ ಇಳಿಯುತ್ತಿದೆಯೋ ಮಾರನೆಯ ದಿನ ಕಣ್ಣಿಗೇ ಕಾಣುತ್ತದೆ.

ಹಗುರ ಊತಕ್ಕೆ ಉಪಚಾರವೂ ಹಗುರ. ಸೋಪು ನೀರಿನಲ್ಲಿ ತೊಳೆದು, ತಣ್ಣೀರ ಬಟ್ಟೆ ಒತ್ತಿ, ಕಾಲನ್ನು ತುಸು ಎತ್ತರದಲ್ಲಿ ಇಟ್ಟುಕೊಳ್ಳುವುದು. ಕ್ಯಾಲಮೈನ್ ಲೋಷನ್, ಬೇಕಾದರೆ ವೈದ್ಯರು ಹೇಳಿದ ಸೆಟ್ರಿಜಿನ್‌ನಂಥ ಮಾತ್ರೆ. ಮಕ್ಕಳ ಉಗುರು ಕತ್ತರಿಸಿಡುವುದು ಇದೆಲ್ಲಕ್ಕಿಂತ ಮುಖ್ಯ.

ಇನ್ನು ಭಯಪಡಬೇಕಾದದ್ದು. ಕಚ್ಚಿದ್ದು ಕಾಲಿಗೆ, ಆದರೆ ಹೊಟ್ಟೆ ಬೆನ್ನಿನ ಮೇಲೆಲ್ಲ ಗಂಧೆ ಏಳುತ್ತಿದೆ. ತುಟಿ, ಕಣ್ಣ ರೆಪ್ಪೆ ಊದುತ್ತಿದೆ. ಅಂಗಾಲು ಅಂಗೈ ಕೆರೆಯುತ್ತಿದೆ. ಗಂಟಲು ಬಿಗಿದಂತೆ, ದನಿ ಒಡೆದಂತೆ, ಎದೆಯಲ್ಲಿ ಸುಂಯ್ ಎಂಬ ಸದ್ದು. ಹೊಟ್ಟೆ ಹಿಂಡಿ ವಾಂತಿ. ಕಣ್ಣು ಕತ್ತಲಿಟ್ಟು ತಲೆ ಸುತ್ತು. ಇವು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಬರುತ್ತವೆ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಚರ್ಮದ ಲಕ್ಷಣವಿಲ್ಲದೆ ನೇರವಾಗಿ ಉಸಿರು ಕಟ್ಟುವುದೂ, ಕುಸಿದು ಬೀಳುವುದೂ ಉಂಟು. ನೊಣದ ಕಡಿತದಿಂದ ಹೀಗಾಗುವುದು ಜೇನು, ಕಣಜಗಳಿಗೆ ಹೋಲಿಸಿದರೆ ಬಹಳ ಅಪರೂಪ. ಆ ಅಪರೂಪವೇ ಅಪಾಯವನ್ನೂ ಹೆಚ್ಚಿಸುತ್ತದೆ, ಏಕೆಂದರೆ ನೊಣ ಕಚ್ಚಿ ಹೀಗಾದೀತೆಂದು ಯಾರಿಗೂ ಹೊಳೆಯುವುದಿಲ್ಲ.

ಮೈಮೇಲೆ ಗಂಧೆ ಎದ್ದರೆ ಪಿತ್ತ ಎಂದು ಕಂಬಳಿಯಲ್ಲಿ ಉಜ್ಜುವುದು, ದೊಡ್ಡಪತ್ರೆ ಎಲೆಯ ರಸ ಹಚ್ಚುವುದು ನಮ್ಮ ಮನೆಗಳ ಹಳೆಯ ರೂಢಿ. ಬರಿಯ ಗಂಧೆಯಾದರೆ ಅದರಿಂದ ಕೇಡೇನಿಲ್ಲ. ಆದರೆ ಗಂಧೆಯ ಜತೆಗೆ ಉಸಿರು, ದನಿ, ಹೊಟ್ಟೆ, ಪ್ರಜ್ಞೆ ಇವುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ಕಂಬಳಿ ಹುಡುಕುವ ಆ ಹತ್ತು ನಿಮಿಷ ತೀರ ದುಬಾರಿ. ಆಗ ಮಾಡಬೇಕಾದದ್ದು 108ಕ್ಕೆ ಕರೆ, ಅಥವಾ ಹತ್ತಿರದ ಆಸ್ಪತ್ರೆಗೆ ಗಾಡಿ.

ಅಲ್ಲಿ ಜೀವ ಉಳಿಸುವ ಮದ್ದು ಒಂದೇ: ಅಡ್ರಿನಲಿನ್. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಈ ಚುಚ್ಚುಮದ್ದು ದುಬಾರಿಯೂ ಅಲ್ಲ. ಸೆಟ್ರಿಜಿನ್, ಸ್ಟೀರಾಯ್ಡ್ ಯಾವುದೂ ಇದರ ಜಾಗ ತುಂಬಲಾರವು. ಅವು ತುರಿಕೆ ಇಳಿಸಬಹುದು, ಕುಸಿಯುತ್ತಿರುವ ರಕ್ತದೊತ್ತಡ ಎತ್ತಲಾರವು. ಗಾಡಿ ಬರುವವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲನ್ನು ಮೇಲೆತ್ತಿ ಇಡಬೇಕು. ಉಸಿರಾಡಲು ಕಷ್ಟವಾಗುತ್ತಿದ್ದರೆ ಕೂರಿಸಬಹುದು, ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಗಾಳಿ ಬರಲೆಂದು ಎಬ್ಬಿಸಿ ನಿಲ್ಲಿಸುವುದು, ನಡೆಸುವುದು ಸರ್ವಥಾ ಕೂಡದು. ಹಠಾತ್ತನೆ ಎದ್ದು ನಿಂತದ್ದರಿಂದಲೇ ಹೃದಯ ನಿಂತ ಪ್ರಸಂಗಗಳಿವೆ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಕೆಲವರಲ್ಲಿ ಎರಡನೆಯ ಅಲೆ ಬರುತ್ತದೆ.

ಈ ಸ್ಥಿತಿಗೆ ಹೆಸರಿಟ್ಟದ್ದು ಫ್ರಾನ್ಸಿನ ಶಾರ್ಲ್ ರಿಶೆ. ಮೊನಾಕೊ ರಾಜನ ಹಡಗಿನಲ್ಲಿ 1901ರಲ್ಲಿ ಕಡಲ ಜೀವಿಗಳ ವಿಷ ಅಧ್ಯಯನ ಮಾಡಲು ಹೋದ ರಿಶೆ ಮತ್ತು ಪೋಲ್ ಪೋರ್ಟಿಯೆ, ಊರಿಗೆ ಮರಳಿ ನಾಯಿಗಳಿಗೆ ಆ ಬಗೆಯ ವಿಷವನ್ನು ಸ್ವಲ್ಪಸ್ವಲ್ಪ ಕೊಟ್ಟು ರೂಢಿ ಮಾಡಿಸಲು ಹೊರಟರು. ಮೊದಲ ಸಲ ಸಲೀಸಾಗಿ ತಾಳಿಕೊಂಡ ನೆಪ್ಚೂನ್ ಎಂಬ ನಾಯಿ, ಕೆಲವು ವಾರ ಬಿಟ್ಟು ಮತ್ತೆ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆ ಬೆಳೆಯಬೇಕಿದ್ದಲ್ಲಿ ಅದರ ವಿರುದ್ಧವಾದದ್ದು ಬೆಳೆದಿತ್ತು. ಈ ಕೆಲಸಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. ಹಿಂದಿನ ಸಲ ನೊಣ ಕಚ್ಚಿದಾಗ ಏನೂ ಆಗಲಿಲ್ಲ ಎಂಬ ಧೈರ್ಯ ಈ ಸಲಕ್ಕೆ ಸಾಲದು ಎಂಬುದಕ್ಕೆ ಆ ನಾಯಿಯೇ ಸಾಕ್ಷಿ.

ಇನ್ನೊಂದು ಸೂಕ್ಷ್ಮವಿದೆ. ಜೀವನದಲ್ಲೇ ಮೊದಲ ಬಾರಿ ಕುದುರೆ ನೊಣ ಕಚ್ಚಿದವರಿಗೂ ತೀವ್ರ ಅಲರ್ಜಿಯಾದದ್ದುಂಟು, ಅವರಿಗೆ ಹಿಂದೆ ಕಣಜದ ಅಲರ್ಜಿ ಇದ್ದದ್ದು ಆಮೇಲೆ ತಿಳಿದುಬರುತ್ತದೆ. ಚೀನಾದ ಸಂಶೋಧಕರು ಕುದುರೆ ನೊಣದ ಜೊಲ್ಲಿನಿಂದ ಬೇರ್ಪಡಿಸಿದ ಅಲರ್ಜಿಕಾರಕ ಪ್ರೋಟೀನುಗಳಲ್ಲಿ ಕೆಲವು ಕಣಜದ ವಿಷದ ಪ್ರೋಟೀನುಗಳನ್ನೇ ಹೋಲುತ್ತವೆ. ಆದ್ದರಿಂದ ಕಣಜ ಕುಟುಕಿ ಮೈಯೆಲ್ಲ ಊದಿದ ಅನುಭವ ಇರುವವರು ಈ ನೊಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡ್ರಿನಲಿನ್ ಸರಿಯಾಗಿ ಹತ್ತದೆ ಹೋಗಬಹುದು. ಈ ವಿಷಯ ವೈದ್ಯರಿಗೆ ಮೊದಲೇ ಗೊತ್ತಿರಲಿ.

ಕಚ್ಚದಂತೆ ನೋಡಿಕೊಳ್ಳುವುದಕ್ಕೆ ಎಲ್ಲ ನೊಣಕ್ಕೂ ಒಂದೇ ಮದ್ದಿಲ್ಲ. ನುಸಿಯ ದೌರ್ಬಲ್ಯ ಗಾಳಿ. ಹಗುರ ಗಾಳಿ ಬೀಸಿದರೂ ಅದು ಹಾರಲಾರದು. ಸಂಜೆ ಜಗಲಿಯಲ್ಲಿ ಕೂರುವವರಿಗೆ ಒಂದು ಟೇಬಲ್ ಫ್ಯಾನ್ ಒಳ್ಳೆಯ ಕಾವಲು. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸಿ ನುಸುಳಿ ಬರುತ್ತದೆ, ಅದಕ್ಕೆ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಹೊತ್ತು ಮುಳುಗುವಾಗ ಕೊಟ್ಟಿಗೆಯಲ್ಲಿ ಲಕ್ಕಿಸೊಪ್ಪು, ಬೇವಿನ ಸೊಪ್ಪಿನ ಹೊಗೆ ಹಾಕುವ ಪದ್ಧತಿ ಹುಳಗಳನ್ನು ತಕ್ಕಮಟ್ಟಿಗೆ ದೂರವಿಡುತ್ತದೆ, ಆದರೆ ಉಬ್ಬಸದವರಿಗೆ ಆ ಹೊಗೆಯೇ ಶತ್ರು. ಕೊಟ್ಟಿಗೆ ನೊಣಕ್ಕೆ ಹೊಗೆಗಿಂತ ಉತ್ತಮ ಉಪಾಯ ಒದ್ದೆ ಹುಲ್ಲು, ಸಗಣಿ ಕೊಳೆಯಲು ಬಿಡದೆ ಆಗಾಗ ಎತ್ತಿಹಾಕುವುದು. 2022ರಲ್ಲಿ ಚರ್ಮಗಂಟು ರೋಗ ದನಗಳಲ್ಲಿ ಹಬ್ಬಿದಾಗ ಪಶುವೈದ್ಯರು ಕೊಟ್ಟ ಬುದ್ಧಿಮಾತೂ ಇದೇ ಆಗಿತ್ತು.

ಕರಿನೊಣ, ನುಸಿ, ಸೊಳ್ಳೆಗಳಿಗೆ ಮೈಗೆ ಹಚ್ಚುವ ಡೀಟ್ ಲೇಪನ ಕೆಲಸ ಮಾಡುತ್ತದೆ. ಶಿವಮೊಗ್ಗದ ಕಡೆಯವರಿಗೆ ಇನ್ನೊಂದು ಲೇಪನ ಗೊತ್ತು. ಮಂಗನ ಕಾಯಿಲೆ ಹರಡುವ ಉಣ್ಣೆಗಳನ್ನು ದೂರವಿಡಲು ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಅದು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ತಯಾರಾದ ಈ ಎಣ್ಣೆಯನ್ನು ಸೊಳ್ಳೆ, ಕರಿನೊಣ, ಇಂಬಳಗಳ ಮೇಲೂ ಪ್ರಯೋಗಿಸಿ ನೋಡಿದ್ದಾರೆ. ಬೆಳ್ಳುಳ್ಳಿ ತಿನ್ನುವುದು, ವಿಟಮಿನ್ ಬಿ ಮಾತ್ರೆ ನುಂಗುವುದು, ಕೈಗೆ ಸುವಾಸನೆಯ ಪಟ್ಟಿ ಕಟ್ಟುವುದು, ಇವುಗಳನ್ನು ನೆಚ್ಚಿಕೊಂಡು ಅಲರ್ಜಿ ಇರುವವರು ಕಾಡಿಗೆ ಹೋಗಬಾರದು.

ಕುದುರೆ ನೊಣದ ಮುಂದೆ ಲೇಪನಗಳದ್ದು ಅರೆಬರೆ ಕೆಲಸ. ಅದು ಕಣ್ಣಿನಿಂದ ಬೇಟೆಯಾಡುವ ಹುಳ. ಬಿಸಿಲಿಗೆ ಕಾದ, ಚಲಿಸುವ, ಗಾಢ ಬಣ್ಣದ ಮೈಗೆ ಅದು ಹಾರಿಬರುತ್ತದೆ. ಈ ಗುಣ ನೋಡಿಯೇ ಕೆನಡಾದ ಮ್ಯಾನಿಟೋಬಾದಲ್ಲಿ 1960ರ ದಶಕದಲ್ಲಿ ಬಿಸಿಲಲ್ಲಿ ಹೊಳೆಯುವ ಕರಿ ಚೆಂಡು ತೂಗುಹಾಕಿ, ಮೇಲೆ ಆಲಿಕೆಯಂಥ ಬಲೆ ಕಟ್ಟಿ ನೊಣ ಹಿಡಿಯುವ ಬೋನು ಮಾಡಿದರು. ಬಿಳಿ ಕುದುರೆಗೆ ಈ ನೊಣದ ಕಾಟ ಕಡಿಮೆಯೆಂದು ಹಂಗೇರಿಯ ಗಾಬೊರ್ ಹೊರ್ವಾತ್ ತಂಡ ತೋರಿಸಿತು. ಕರಿಮೈಯಿಂದ ಪ್ರತಿಫಲಿಸುವ ಬೆಳಕಿನ ಧ್ರುವೀಕರಣ ನೊಣಕ್ಕೆ ನೀರಿನಂತೆ ಕಾಣುತ್ತದಂತೆ. ಜಪಾನಿನಲ್ಲಿ ಕರಿ ಹಸುಗಳ ಮೈಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದು ಎಣಿಸಿದಾಗ ಮೈಮೇಲೆ ಕೂರುವ ಕಚ್ಚುವ ನೊಣಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಜಲಪಾತ ನೋಡಲು ಘಟ್ಟ ಹತ್ತುವವರಿಗೆ ಇದರಲ್ಲಿ ನೇರ ಉಪಯೋಗವಿದೆ: ಕರಿ, ಕಡುನೀಲಿ ಬಟ್ಟೆ ಬಿಟ್ಟು ತಿಳಿ ಬಣ್ಣದ ಸಡಿಲ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಟೋಪಿ. ನೀರಿನಿಂದ ಎದ್ದ ಒದ್ದೆ ಮೈಯಲ್ಲಿ ದಡದ ಬಿಸಿಲಿಗೆ ಕೂರದೆ ಬೇಗ ಮೈ ಒರೆಸಿಕೊಳ್ಳುವುದು.

ಒಮ್ಮೆ ಮೈಯೆಲ್ಲ ಗಂಧೆ ಎದ್ದು ಆಸ್ಪತ್ರೆ ಕಂಡವರು ಆಮೇಲೆ ಅಲರ್ಜಿ ತಜ್ಞರನ್ನು ಕಾಣಲೇಬೇಕು. ಜೇನು, ಕಣಜಗಳ ವಿಷಕ್ಕೆ ಇರುವಂತೆ ನೊಣದ ಜೊಲ್ಲಿಗೆ ಸಿದ್ಧವಾಗಿ ಸಿಗುವ ಅಲರ್ಜಿ ಚುಚ್ಚುಮದ್ದಿನ ಸರಣಿ ಇಲ್ಲ. ಹಾಗಾಗಿ ತಜ್ಞರು ಬಹುಪಾಲು ಆಧರಿಸುವುದು ರೋಗಿ ಹೇಳುವ ವಿವರಗಳನ್ನೇ: ಯಾವ ಹೊತ್ತಿನಲ್ಲಿ, ಎಂಥ ಜಾಗದಲ್ಲಿ, ಮೈಯ ಎಲ್ಲಿಗೆ ಕಚ್ಚಿತು, ಎಷ್ಟು ನಿಮಿಷಕ್ಕೆ ಮೊದಲ ಲಕ್ಷಣ ಬಂತು, ಆಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಊದಿದ ಮುಖದ ಫೋಟೋ ಮೊಬೈಲಿನಲ್ಲಿದ್ದರೆ ಒಳ್ಳೆಯದು. ಕಚ್ಚಿದ ನೊಣವೇ ಕೈಗೆ ಸಿಕ್ಕಿ ಸತ್ತಿದ್ದರೆ, ಅದನ್ನು ಒಂದು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗುವುದು ಇನ್ನೂ ಒಳ್ಳೆಯದು.